ಮೊದಲ ಕೌದಿ: ಮೂಲೆ ಕೂಡದಿದ್ದರೂ ಖುಷಿ ಕೆಡದಂತೆ ಹೊಲಿದು ಮುಗಿಸುವುದು ಹೇಗೆ?

ಕೌದಿ ಹೊಲಿಯಲು ಶುರು ಮಾಡಿದವರು ಮತ್ತೆ ಮತ್ತೆ ಕೇಳುವುದು ಎರಡೇ ಪ್ರಶ್ನೆ. ಒಂದು, "ನಾಲ್ಕು ಚೌಕಗಳ ಮೂಲೆ ಸರಿಯಾಗಿ ಕೂಡುತ್ತಿಲ್ಲ, ಬಿಚ್ಚಲೋ ಬಿಡಲೋ?" ಇನ್ನೊಂದು, "ಅರ್ಧ ಹೊಲಿದು ಮಡಚಿಟ್ಟಿದ್ದೇನೆ, ತೆಗೆದು ನೋಡಲೂ ಮನಸ್ಸಾಗುತ್ತಿಲ್ಲ. ನನ್ನ ಕೈಗೆ ಇದು ಒಗ್ಗುವುದಿಲ್ಲವೇನೋ?" ಮೊದಲ ಪ್ರಶ್ನೆಗೆ ಉತ್ತರ ಸಿಕ್ಕರೆ ಎರಡನೆಯದು ತಾನಾಗಿಯೇ ಹಗುರಾಗುತ್ತದೆ. ಯಾವ ತಪ್ಪು ಕೌದಿಯನ್ನೇ ಕೆಡಿಸುತ್ತದೆ, ಯಾವುದು ಹೊಲಿದವರ ಕಣ್ಣಿಗೆ ಮಾತ್ರ ಬೀಳುತ್ತದೆ ಎಂಬುದು ಗೊತ್ತಿಲ್ಲದಾಗ ಎಲ್ಲ ತಪ್ಪೂ ಒಂದೇ ತೂಕದ್ದಾಗಿ ಕಾಣುತ್ತದೆ. ಆಗ ಬೇಡದ್ದನ್ನು ಬಿಚ್ಚುತ್ತೇವೆ, ಬಿಚ್ಚಬೇಕಾದ್ದನ್ನು ಬಿಡುತ್ತೇವೆ, ಕೊನೆಗೆ ಬೇಸತ್ತು ಮಡಚಿಡುತ್ತೇವೆ.

ಈ ಲೇಖನದಲ್ಲಿ ಒಂದು ಚಿಕ್ಕ ಕೌದಿಯನ್ನು ಮೊದಲಿನಿಂದ ಕೊನೆಯವರೆಗೆ ಹೊಲಿಯೋಣ. ಪ್ರತಿ ಹಂತದಲ್ಲೂ ಯಾವುದನ್ನು ತಿದ್ದಬೇಕು, ಯಾವುದನ್ನು ಬಿಟ್ಟು ಮುಂದೆ ಹೋಗಬೇಕು ಎಂಬುದನ್ನು ಅಳತೆ ಸಮೇತ ಹೇಳಿದ್ದೇನೆ.

ಮೊದಲು ತಪ್ಪುಗಳನ್ನು ವಿಂಗಡಿಸಿಕೊಳ್ಳಿ

ಕೌದಿಯಲ್ಲಿ ಮೂರು ಪದರ. ಮೇಲೆ ತುಂಡುಗಳನ್ನು ಜೋಡಿಸಿದ ಮೇಲ್ಪದರ, ನಡುವೆ ಬೆಚ್ಚಗಿಡುವ ಹತ್ತಿಯ ಹಾಳೆ (ಅಂಗಡಿಯಲ್ಲಿ ಬ್ಯಾಟಿಂಗ್ ಅಥವಾ ವ್ಯಾಡಿಂಗ್ ಎನ್ನುತ್ತಾರೆ), ಕೆಳಗೆ ಅಸ್ತರು. ಈ ಮೂರನ್ನೂ ಹಿಡಿದಿಡುವ ಹೊಲಿಗೆಯೇ ಕೌದಿಯ ಜೀವ. ಇದರಲ್ಲಿ ಆಗುವ ತಪ್ಪುಗಳು ಮೂರು ಬಗೆ.

ಬಾಳಿಕೆಯ ತಪ್ಪು: ಹೊಲಿಗೆ ಬಟ್ಟೆಯ ಅಂಚಿಗೆ ತೀರಾ ಹತ್ತಿರ ಬಂದಿರುವುದು, ಒಂದು ಪದರ ಸೂಜಿಗೆ ಸಿಕ್ಕದೆ ತಪ್ಪಿಹೋಗಿರುವುದು, ಬಣ್ಣ ಬಿಡುವ ಬಟ್ಟೆ ಸೇರಿಕೊಂಡಿರುವುದು. ಇವನ್ನು ತಿದ್ದಲೇಬೇಕು. ನಾಲ್ಕು ಸಲ ಒಗೆಯುವಷ್ಟರಲ್ಲಿ ಅಲ್ಲಿಂದಲೇ ಕೌದಿ ಬಿಟ್ಟುಕೊಳ್ಳುತ್ತದೆ.

ಅಳತೆಯ ತಪ್ಪು: ಒಂದು ಚೌಕ ಗಿಡ್ಡ, ಒಂದು ಸಾಲು ಉದ್ದ. ಇದು ಇದ್ದಲ್ಲೇ ಇರುವುದಿಲ್ಲ, ಮುಂದಿನ ಸಾಲಿಗೂ ಹಬ್ಬುತ್ತದೆ. ಕಂಡ ಹಂತದಲ್ಲೇ ತಿದ್ದಿದರೆ ಹತ್ತು ನಿಮಿಷದ ಕೆಲಸ, ಆಮೇಲೆ ತಿದ್ದಿದರೆ ಒಂದು ದಿನದ್ದು.

ಕಣ್ಣಿನ ತಪ್ಪು: ಮೂಲೆ 1/8 ಇಂಚು (3 ಮಿ.ಮೀ.) ಜರುಗಿದೆ, ಕೈಹೊಲಿಗೆ ಒಂದು ಉದ್ದ ಒಂದು ಗಿಡ್ಡ ಬಿದ್ದಿದೆ, ಒಂದೇ ಬಣ್ಣದ ಎರಡು ತುಂಡು ಅಕ್ಕಪಕ್ಕ ಬಂದಿವೆ. ಆರು ಅಡಿ ದೂರ ನಿಂತು ನೋಡಿ. ಹುಡುಕಿದರಷ್ಟೇ ಕಾಣುವುದಾದರೆ ಬಿಟ್ಟುಬಿಡಿ. ಖುಷಿಯನ್ನು ಹೆಚ್ಚಾಗಿ ಕಸಿಯುವುದು ಈ ಮೂರನೆಯ ಬಗೆಯೇ, ಆದರೆ ಕೌದಿಗೆ ಇದರಿಂದ ಏನೂ ಆಗುವುದಿಲ್ಲ.

ಬೇಕಾಗುವ ಸಾಮಾನು

ನಮ್ಮ ಕೌದಿ ಅಡ್ಡಕ್ಕೆ 8, ಉದ್ದಕ್ಕೆ 9, ಒಟ್ಟು 72 ಚೌಕಗಳದ್ದು. ಕತ್ತರಿಸುವ ಅಳತೆ 5 ಇಂಚು. ಹೊಲಿದ ಮೇಲೆ ಪ್ರತಿ ಚೌಕ ನಾಲ್ಕೂವರೆ ಇಂಚು ಉಳಿಯುತ್ತದೆ. ಮುಗಿದಾಗ ಸುಮಾರು 36 ಇಂಚು ಅಗಲ, ನಲವತ್ತೂವರೆ ಇಂಚು ಉದ್ದ. ಮಗುವಿಗೆ ಹೊದಿಸಲು, ಕೂತಾಗ ಮಡಿಲ ಮೇಲೆ ಹಾಕಿಕೊಳ್ಳಲು ಸಾಕು. ಮಂಚದ ಅಳತೆಯ ಕೌದಿಯಿಂದ ಶುರು ಮಾಡಬೇಡಿ. ದೊಡ್ಡದರಲ್ಲಿ ತಪ್ಪು ಹೆಚ್ಚಾಗುತ್ತದೆ ಎಂದಲ್ಲ, ಮುಗಿಸಿದ ಖುಷಿ ತೀರಾ ತಡವಾಗಿ ಸಿಗುತ್ತದೆ ಎಂದು.

- ಮೇಲ್ಪದರಕ್ಕೆ: 44 ಇಂಚು ಪನ್ನದ (ಅಗಲದ) ಹತ್ತಿ ಬಟ್ಟೆ, ಎಲ್ಲ ಬಣ್ಣ ಸೇರಿ ಒಂದೂವರೆ ಮೀಟರ್. ಆರರಿಂದ ಎಂಟು ಬಗೆಯ ಬಟ್ಟೆ ಇರಲಿ.
- ಅಸ್ತರಿಗೆ: ಅದೇ ಪನ್ನದ ಹತ್ತಿ ಬಟ್ಟೆ ಒಂದೂಕಾಲು ಮೀಟರ್. ಚಿಕ್ಕ ಚಿಕ್ಕ ಹೂವಿನ ಪ್ರಿಂಟ್ ಇದ್ದರೆ ಒಳ್ಳೆಯದು. ಒಂದೇ ಬಣ್ಣದ ಅಸ್ತರಿನ ಮೇಲೆ ಪ್ರತಿ ಹೊಲಿಗೆಯೂ ಎದ್ದು ಕಾಣುತ್ತದೆ.
- ನಡುಪದರಕ್ಕೆ: 42×47 ಇಂಚಿನ ತೆಳು ಹತ್ತಿ ಬ್ಯಾಟಿಂಗ್. ಸವೆದ ತೆಳು ಕಂಬಳಿಯೂ ಆಗುತ್ತದೆ. ಪಾಲಿಯೆಸ್ಟರ್ ಹಾಳೆ ಹಗುರ, ಉಬ್ಬು ಹೆಚ್ಚು, ಆದರೆ ಹೊಲಿಯುವಾಗ ಜಾರುತ್ತದೆ.
- ಸುತ್ತ ಕಟ್ಟುವ ಅಂಚುಪಟ್ಟಿಗೆ: 40 ಸೆಂ.ಮೀ. ಬಟ್ಟೆ.
- 50ನೇ ನಂಬರಿನ ಹತ್ತಿ ದಾರ. ಮಷೀನಿಗೆ 80/12 ಸೂಜಿ, ಮೂರು ಪದರ ಹೊಲಿಯುವಾಗ 90/14. ಕೈಹೊಲಿಗೆಗೆ 8 ಅಥವಾ 9ನೇ ನಂಬರಿನ ಗಿಡ್ಡ ಸೂಜಿ. ಇದನ್ನು 'ಬಿಟ್ವೀನ್ಸ್' ಎಂದು ಕೇಳಿ. ನಂಬರು ಹೆಚ್ಚಾದಷ್ಟೂ ಸೂಜಿ ಚಿಕ್ಕದು.
- ಉದ್ದ ಸ್ಕೇಲು, ಚಾಕ್, ಚೂಪಾದ ಕತ್ತರಿ ಅಥವಾ ರೋಟರಿ ಕಟರ್ (ಉರುಳುವ ಚಕ್ರದಂಥ ಬ್ಲೇಡು) ಮತ್ತು ಅದರ ಕೆಳಗೆ ಹಾಕುವ ಮ್ಯಾಟ್, ಸುಮಾರು 90 ಸೇಫ್ಟಿ ಪಿನ್ನು, ಇಸ್ತ್ರಿ ಪೆಟ್ಟಿಗೆ, ಸೀಮ್ ರಿಪ್ಪರ್ ಎಂಬ ಹೊಲಿಗೆ ಬಿಚ್ಚುವ ಕೊಕ್ಕೆ.

1. ಬಟ್ಟೆ ಒಗೆದು ಪರೀಕ್ಷಿಸಿ

ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ. ರಬ್ಬರಿನಂತೆ ಎಳೆದುಕೊಂಡರೆ ಬೇಡ. ಹಿಗ್ಗುವ ಬಟ್ಟೆಯ ಪಕ್ಕದಲ್ಲಿ ಹಿಗ್ಗದ ಬಟ್ಟೆ ಹೊಲಿದರೆ ಸುಕ್ಕು ಬಿದ್ದೇ ಬೀಳುತ್ತದೆ, ಆ ತಪ್ಪು ನಿಮ್ಮ ಕೈಯದಲ್ಲ. ಹಳೆಯ ಬಟ್ಟೆ ಬಳಸುವುದಾದರೆ ಬೆಳಕಿಗೆ ಹಿಡಿಯಿರಿ. ನೇಯ್ಗೆ ಜಾಳಾಗಿ ಕಂಡ ಭಾಗವನ್ನು ಬಿಟ್ಟು ಕತ್ತರಿಸಿ.

ಕೆಂಪು, ಕಡುನೀಲಿ, ಕಪ್ಪು ಬಟ್ಟೆಗಳ ಒಂದೊಂದು ಚೂರನ್ನು ಬಿಳಿ ಬಟ್ಟಲಿನ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ. ನೀರಿಗೆ ಬಣ್ಣ ಇಳಿದರೆ ಇಡೀ ಬಟ್ಟೆಯನ್ನು ನೀರು ತಿಳಿಯಾಗುವವರೆಗೆ ಒಗೆಯಿರಿ. ನಾಲ್ಕನೇ ಸಲವೂ ಬಣ್ಣ ಬಿಟ್ಟರೆ ಆ ಬಟ್ಟೆಯನ್ನು ಸೇರಿಸಬೇಡಿ, ಎಷ್ಟೇ ಇಷ್ಟವಾಗಿದ್ದರೂ. ಮುಗಿದ ಕೌದಿಯ ಬಿಳಿ ಚೌಕಕ್ಕೆ ಹತ್ತಿದ ಬಣ್ಣ ಹೋಗುವುದು ಬಹಳ ಕಷ್ಟ.

ಬಣ್ಣಗಳು ಹೊಂದುತ್ತವೆಯೋ ಇಲ್ಲವೋ ಎಂದು ಗಂಟೆಗಟ್ಟಲೆ ಯೋಚಿಸಬೇಡಿ. ಎಲ್ಲವನ್ನೂ ಒಟ್ಟಿಗೆ ಹರಡಿ ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಯಿರಿ. ತಿಳಿ, ನಡು, ಗಾಢ ಮೂರೂ ಕಂಡರೆ ಜೋಡಣೆ ಗೆಲ್ಲುತ್ತದೆ. ಎಲ್ಲವೂ ಒಂದೇ ಬೂದು ಬಣ್ಣವಾಗಿ ಕಂಡರೆ ತಿಳಿ ಬಣ್ಣದ ಇನ್ನೊಂದು ಬಟ್ಟೆ ಸೇರಿಸಿ.

2. ಕತ್ತರಿಸಿ

ಬಟ್ಟೆಗೆ ಇಸ್ತ್ರಿ ಹಾಕಿದ ಮೇಲೆಯೇ ಅಳೆಯಿರಿ. ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡ ಎಳೆ) ಎರಡಕ್ಕೂ ನೇರವಾಗಿ ಕತ್ತರಿಸಿದರೆ ಚೌಕ ತನ್ನ ಆಕಾರ ಉಳಿಸಿಕೊಳ್ಳುತ್ತದೆ. ಓರೆಯಾಗಿ ಕತ್ತರಿಸಿದ ಅಂಚು ಜಗ್ಗಿದಷ್ಟೂ ಉದ್ದವಾಗುತ್ತದೆ. ಮೊದಲು 5 ಇಂಚಿನ ಉದ್ದ ಪಟ್ಟಿ, ಆಮೇಲೆ ಪಟ್ಟಿಯಿಂದ 5 ಇಂಚಿನ ಚೌಕ. ಪೂರ್ತಿ ಪನ್ನದ ಒಂದು ಪಟ್ಟಿಯಲ್ಲಿ ಎಂಟು ಚೌಕ ಬರುತ್ತವೆ. 72ರ ಜೊತೆಗೆ ಆರೇಳು ಹೆಚ್ಚಿಗೆ ಕತ್ತರಿಸಿಟ್ಟುಕೊಳ್ಳಿ. ಕೈಯಲ್ಲಿ ಹೆಚ್ಚುವರಿ ತುಂಡು ಇದ್ದರೆ ಒಂದು ಹಾಳಾದಾಗ ಎದೆ ಧಸಕ್ಕೆನ್ನುವುದಿಲ್ಲ.

ರೋಟರಿ ಕಟರ್ ಬಳಸುವವರು ಸ್ಕೇಲಿನ ಮೇಲಿನ ಕೈಬೆರಳು ಅಂಚಿನಿಂದ ಒಳಗಿರುವಂತೆ ನೋಡಿಕೊಳ್ಳಿ, ಬ್ಲೇಡನ್ನು ನಿಮ್ಮಿಂದ ಆಚೆಗೆ ಉರುಳಿಸಿ, ಕೆಳಗಿಡುವ ಮುನ್ನ ಪ್ರತಿ ಸಲವೂ ಅದರ ಮುಚ್ಚಳ ಹಾಕಿ. ನಡುನಡುವೆ ಒಂದೆರಡು ಎಳೆ ಕತ್ತರಿಸದೆ ಉಳಿದರೆ ಬ್ಲೇಡು ಮೊಂಡಾಗಿದೆ ಎಂದರ್ಥ. ಇನ್ನೂ ಬಲವಾಗಿ ಒತ್ತುವುದು ಅದಕ್ಕೆ ಪರಿಹಾರವಲ್ಲ.

ರಟ್ಟಿನ ಅಚ್ಚು ಇಟ್ಟು ಗೆರೆ ಹಾಕುವವರಿಗೆ ಎರಡು ಎಚ್ಚರಿಕೆ. ಚಾಕಿನ ಗೆರೆಗೂ ದಪ್ಪ ಇರುತ್ತದೆ. ಗೆರೆಯ ಹೊರಗೆ ಕತ್ತರಿಸಿದರೆ ಚೌಕ ದೊಡ್ಡದಾಗುತ್ತದೆ, ಗೆರೆಯ ಒಳಗಂಚಿಗೆ ಕತ್ತರಿಸಿ. ಮತ್ತೆ, ರಟ್ಟು ಸವೆಯುತ್ತದೆ. ಒಂದೇ ಅಚ್ಚಿನಲ್ಲಿ 72 ಚೌಕ ಬರೆದರೆ ಕೊನೆಯದು ಮೊದಲಿನದಕ್ಕಿಂತ ಚಿಕ್ಕದಾಗಿರುತ್ತದೆ. ಮೂರ್ನಾಲ್ಕು ಅಚ್ಚು ಮೊದಲೇ ಮಾಡಿಕೊಂಡು ಬದಲಿಸುತ್ತ ಹೋಗಿ.

ಕತ್ತರಿಸಿ ಮುಗಿದ ಮೇಲೆ ಹತ್ತು ಹತ್ತು ಚೌಕ ಪೇರಿಸಿ ಅಂಚಿನ ಮೇಲೆ ಬೆರಳಾಡಿಸಿ. ಹೊರಗೆ ಚಾಚಿದ್ದನ್ನು ಸರಿಮಾಡಿ. 1/8 ಇಂಚಿಗಿಂತ ಹೆಚ್ಚು ಗಿಡ್ಡ ಇರುವುದನ್ನು ಪಕ್ಕಕ್ಕಿಡಿ. ಇದು ಅಳತೆಯ ತಪ್ಪು, ಇಲ್ಲೇ ನಿಲ್ಲಬೇಕು.

3. ಹರಡಿ ಜೋಡಿಸಿ

ಹಳೆಯ ಬೆಡ್‌ಶೀಟಿನ ಮೇಲೆ ಎಂಟರಂತೆ ಒಂಬತ್ತು ಸಾಲು ಹರಡಿ. ಮೊದಲು ಗಾಢ ಬಣ್ಣದವನ್ನು ಅಲ್ಲಲ್ಲಿ ಚೆದುರಿಸಿ, ಆಮೇಲೆ ಉಳಿದವನ್ನು ತುಂಬಿ. ಕಣ್ಣು ಅರ್ಧ ಮುಚ್ಚಿ ನೋಡಿದಾಗ ನೋಟ ಒಂದೇ ಕಡೆ ಸಿಕ್ಕಿಕೊಳ್ಳಬಾರದು. ಬೇಕಾದರೆ ಮೂರು ಸಲ ಬದಲಿಸಿ, ಪ್ರತಿ ಸಲವೂ ಫೋಟೋ ತೆಗೆಯಿರಿ. ನಾಲ್ಕನೇ ಸಲ ಬೇಡ. ಮೂರು ಫೋಟೋದಲ್ಲಿ ಒಂದನ್ನು ಆರಿಸಿ ಅದರಂತೆಯೇ ಇಡಿ. ಪ್ರತಿ ಸಾಲಿನ ಎಡತುದಿಯ ಚೌಕಕ್ಕೆ 1, 2, 3 ಎಂದು ಬರೆದ ಚೀಟಿ ಪಿನ್ನು ಮಾಡಿ. ಎದ್ದು ಹೋಗಬೇಕಾದರೆ ಬೆಡ್‌ಶೀಟ್ ಸಮೇತ ಸುರುಳಿ ಸುತ್ತಿಡಿ.

4. ಕಾಲು ಇಂಚು ಸರಿಯಿದೆಯೇ ನೋಡಿಕೊಳ್ಳಿ

ಈ ಹಂತವನ್ನು ಬಹಳ ಮಂದಿ ಹಾರಿಸಿಬಿಡುತ್ತಾರೆ. "ನನ್ನ ಮೂಲೆಗಳು ಕೂಡುವುದೇ ಇಲ್ಲ" ಎನ್ನುವವರಲ್ಲಿ ಹೆಚ್ಚಿನವರ ತೊಂದರೆ ಹುಟ್ಟುವುದು ಇಲ್ಲಿಯೇ. ಕೈಯಲ್ಲಿ ಕಸುಬಿಲ್ಲವೆಂದಲ್ಲ, ಅವರ ಮಷೀನಿನ ಫುಟ್ಟಿನ (ಬಟ್ಟೆಯನ್ನು ಒತ್ತಿಹಿಡಿಯುವ ಪಾದದ) ಅಂಚು ಕಾಲು ಇಂಚಿನಲ್ಲಿರುವುದಿಲ್ಲ, ಅಷ್ಟೇ.

ಎರಡು ತುಂಡು ಜೋಡಿಸುವಾಗ ಹೊಲಿಗೆಯಿಂದ ಅಂಚಿನವರೆಗೆ ಬಿಡುವ ಬಟ್ಟೆಗೆ ಮಾರ್ಜಿನ್ ಎನ್ನುತ್ತೇವೆ. ಕೌದಿಗೆ ಇದು ಕಾಲು ಇಂಚು (6 ಮಿ.ಮೀ.). ಇದು 1/16 ಇಂಚು ಹೆಚ್ಚಾಯಿತು ಎನ್ನಿ. ಪ್ರತಿ ಹೊಲಿಗೆಯಲ್ಲಿ ಎರಡು ಬದಿಯ ಬಟ್ಟೆಯೂ ಒಳಗೆ ಹೋಗುವುದರಿಂದ ನಷ್ಟ 1/8 ಇಂಚು. ಎಂಟು ಚೌಕದ ಸಾಲಿನಲ್ಲಿ ಏಳು ಹೊಲಿಗೆ. ಒಟ್ಟು 7/8 ಇಂಚು, ಹೆಚ್ಚೂಕಡಿಮೆ ಒಂದು ಇಂಚೇ ಮಾಯ. ಒಂದು ಸಾಲು ಹೀಗೆ, ಇನ್ನೊಂದು ಹಾಗೆ ಆದರೆ ಮೂಲೆಗಳು ಎಲ್ಲಿ ಕೂಡಬೇಕು?

ಪರೀಕ್ಷೆ ಸುಲಭ. ಒಂದೂವರೆ ಇಂಚು ಅಗಲದ ಮೂರು ಪಟ್ಟಿ ಕತ್ತರಿಸಿ ಪಕ್ಕಪಕ್ಕಕ್ಕೆ ಹೊಲಿಯಿರಿ, ಇಸ್ತ್ರಿ ಹಾಕಿ ಅಳೆಯಿರಿ. ಒಟ್ಟು ಅಗಲ ಮೂರೂವರೆ ಇಂಚು, ನಡುವಿನ ಪಟ್ಟಿ ಸರಿಯಾಗಿ ಒಂದು ಇಂಚು ಇರಬೇಕು. ನಡುವಿನದು ಕಿರಿದಾದರೆ ಮಾರ್ಜಿನ್ ಹೆಚ್ಚಾಗಿದೆ, ಅಗಲವಾದರೆ ಕಡಿಮೆಯಾಗಿದೆ. ಬಟ್ಟೆ ಮಡಚಿಕೊಳ್ಳುವಲ್ಲಿ ಒಂದೆರಡು ಎಳೆಯಷ್ಟು ಜಾಗ ಹೋಗುತ್ತದೆ. ಹಾಗಾಗಿ ಕಾಲು ಇಂಚಿಗಿಂತ ಕೂದಲೆಳೆಯಷ್ಟು ಕಡಿಮೆ ಹಿಡಿದರೆ ಲೆಕ್ಕ ಸರಿಬರುತ್ತದೆ. ಸರಿಯಾದ ಜಾಗ ಸಿಕ್ಕಿದ ಮೇಲೆ ಮಷೀನಿನ ತಟ್ಟೆಯ ಮೇಲೆ ಬಣ್ಣದ ಟೇಪು ಅಂಟಿಸಿ. ಬಟ್ಟೆಯ ಅಂಚು ಆ ಟೇಪಿಗೆ ತಾಗಿಕೊಂಡೇ ಸಾಗಬೇಕು. ಹೊಲಿಯುವಾಗ ಸೂಜಿಯನ್ನು ನೋಡಬೇಡಿ, ಟೇಪನ್ನು ನೋಡಿ. ಸೂಜಿ ನೋಡುತ್ತ ಹೊಲಿದರೆ ಗೆರೆ ಸೊಟ್ಟಗಾಗುತ್ತದೆ.

ಕೈಯಲ್ಲೇ ಜೋಡಿಸುವವರು ಪ್ರತಿ ಚೌಕದ ಹಿಂಬದಿಗೆ ಕಾಲು ಇಂಚಿನ ಗೆರೆ ಹಾಕಿಕೊಂಡು ಅದರ ಮೇಲೆಯೇ ಹೊಲಿದರೆ ಸಾಕು.

5. ಸಾಲು ಹೊಲಿದು, ಸಾಲುಗಳನ್ನು ಕೂಡಿಸಿ

ಹೊಲಿಗೆಯ ಉದ್ದ 2ರಿಂದ 2.5 ಮಿ.ಮೀ. ಇರಲಿ. ಒಂದು ಸಾಲು ಮುಗಿದ ಕೂಡಲೇ ಅಳೆಯಿರಿ. ಮೂವತ್ತಾರೂವರೆ ಇಂಚು ಇರಬೇಕು. ಕಾಲು ಇಂಚು ಆಚೀಚೆಯಾದರೆ ತೊಂದರೆಯಿಲ್ಲ. ಅದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮುಂದಿನ ಸಾಲು ಹೊಲಿಯುವ ಮೊದಲು ಟೇಪಿನ ಜಾಗ ನೋಡಿ.

ಆಮೇಲೆ ಇಸ್ತ್ರಿ. ಬಟ್ಟೆಯ ಮೇಲೆ ಪೆಟ್ಟಿಗೆಯನ್ನು ಎಳೆದಾಡಬೇಡಿ. ಇಡಿ, ಒತ್ತಿ, ಎತ್ತಿ, ಪಕ್ಕಕ್ಕೆ ಇಡಿ. ಎಳೆದಾಡಿದರೆ, ಅದರಲ್ಲೂ ಹಬೆಯ ಜೊತೆ, ಚೌಕ ಬಿಲ್ಲಿನಂತೆ ಬಾಗುತ್ತದೆ. 1, 3, 5, 7, 9ನೇ ಸಾಲುಗಳ ಮಾರ್ಜಿನ್ ಎಡಕ್ಕೆ ಮಲಗಲಿ, 2, 4, 6, 8ನೆಯದು ಬಲಕ್ಕೆ.

ಹೀಗೇಕೆ ಎನ್ನುವುದು ಎರಡು ಸಾಲನ್ನು ಮುಖಾಮುಖಿ ಇಟ್ಟಾಗ ಬೆರಳಿಗೇ ತಿಳಿಯುತ್ತದೆ. ಮೇಲಿನ ಸಾಲಿನ ದಪ್ಪ ಎಡಕ್ಕೆ, ಕೆಳಗಿನ ಸಾಲಿನ ದಪ್ಪ ಬಲಕ್ಕೆ. ಹೊಲಿಗೆ ಕೂಡುವಲ್ಲಿ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ತಿಕ್ಕಿ. ಮೊದಲು ಎರಡು ಉಬ್ಬು ಬೇರೆ ಬೇರೆ ಸಿಗುತ್ತವೆ. ಇನ್ನೂ ಸ್ವಲ್ಪ ಜರುಗಿಸಿದಾಗ ಒಂದರ ಮಗ್ಗುಲಿಗೆ ಇನ್ನೊಂದು ಬಂದು ಕೂರುತ್ತದೆ, ಉಬ್ಬು ಹೋಗಿ ಸಮತಟ್ಟಾಗುತ್ತದೆ, ಮತ್ತೆ ಜರುಗಿಸಲು ಹೋದರೆ ತಡೆಯುತ್ತದೆ. ಅಲ್ಲೇ ಪಿನ್ನು ಚುಚ್ಚಿ. ಬೆರಳು ಇದನ್ನು ಒಮ್ಮೆ ಕಲಿತರೆ ಮರೆಯುವುದಿಲ್ಲ. ಕೌದಿ ಹೊಲಿಯುವುದರಲ್ಲಿ ಅತಿ ಹಿತವಾದ ಗಳಿಗೆಗಳಲ್ಲಿ ಇದೂ ಒಂದು, ಅವಸರ ಮಾಡಬೇಡಿ.

ಏಳೂ ಕೂಡುವ ಜಾಗಕ್ಕೆ ಪಿನ್ನು ಹಾಕಿದ ಮೇಲೆ ಹೊಲಿಯಿರಿ. ಒಂದು ಸಾಲು ಇನ್ನೊಂದಕ್ಕಿಂತ ಕಾಲು ಇಂಚಿನಷ್ಟು ಉದ್ದವಿದ್ದರೆ, ಉದ್ದವಿರುವುದನ್ನು ಕೆಳಗಿಡಿ. ಸೂಜಿಯ ಕೆಳಗಿರುವ ಮಷೀನಿನ ಹಲ್ಲುಗಳು ಕೆಳಗಿನ ಬಟ್ಟೆಯನ್ನು ತುಸು ಹೆಚ್ಚು ಎಳೆದುಕೊಳ್ಳುವುದರಿಂದ ಆ ಹೆಚ್ಚುವರಿ ಹಂಚಿಹೋಗುತ್ತದೆ.

ಹೊಲಿದಾದ ಮೇಲೆ ಬಿಡಿಸಿ ನೋಡಿ. ಮೂಲೆ ಜರುಗಿದ್ದು 1/8 ಇಂಚಿನೊಳಗಿದ್ದರೆ ಬಿಡಿ. ಅದರಿಂದ ಕಾಲು ಇಂಚಿನವರೆಗೆ ಇದ್ದು, ತಿಳಿ-ಗಾಢ ಬಣ್ಣ ಸೇರುವ ಜಾಗದಲ್ಲಿದ್ದರೆ ಆ ಮೂಲೆಯ ಎರಡೂ ಬದಿಗೆ ಒಂದೊಂದು ಇಂಚು ಮಾತ್ರ ಬಿಚ್ಚಿ, ಮತ್ತೆ ಪಿನ್ನು ಮಾಡಿ ಹೊಲಿಯಿರಿ. ಇಡೀ ಸಾಲು ಬಿಚ್ಚುವ ಅಗತ್ಯವಿಲ್ಲ. ಕಾಲು ಇಂಚಿಗಿಂತ ಹೆಚ್ಚಾಗಿದ್ದರೆ ತೊಂದರೆ ಆ ಮೂಲೆಯಲ್ಲಿಲ್ಲ, ಯಾವುದೋ ಚೌಕ ಗಿಡ್ಡವಾಗಿದೆ. ಮೊದಲು ಅದನ್ನು ಹುಡುಕಿ.

ಬಿಚ್ಚುವಾಗ ದಾರವನ್ನು ಹಿಡಿದು ಜಗ್ಗಬೇಡಿ. ಒಂದು ಬದಿಯಲ್ಲಿ ಪ್ರತಿ ಮೂರನೇ ಹೊಲಿಗೆಯನ್ನು ಕೊಕ್ಕೆಯಿಂದ ಕತ್ತರಿಸಿ, ಬಟ್ಟೆ ತಿರುಗಿಸಿ ಇನ್ನೊಂದು ಬದಿಯ ದಾರ ಎಳೆದರೆ ಸರಾಗವಾಗಿ ಬರುತ್ತದೆ. ಒಂದೇ ಜಾಗವನ್ನು ಎರಡಕ್ಕಿಂತ ಹೆಚ್ಚು ಸಲ ಬಿಚ್ಚಿದರೆ ಅಂಚಿನ ಎಳೆಗಳು ಸಡಿಲಾಗಿ ಮಾರ್ಜಿನ್ನೇ ಉಳಿಯುವುದಿಲ್ಲ. ಕಣ್ಣಿನ ತಪ್ಪು ತಿದ್ದಲು ಹೋಗಿ ಬಾಳಿಕೆಯ ತಪ್ಪು ಮಾಡಿಕೊಂಡಂತಾಗುತ್ತದೆ. ಎರಡು ಸಲ ಬಿಚ್ಚಿಯೂ ಸರಿಯಾಗದಿದ್ದರೆ ಅದು ಹಾಗೆಯೇ ಇರಲಿ.

ನಡುವೆ ಕೈಬಿಡಬೇಕೆನಿಸಿದರೆ

ಮೇಲ್ಪದರ ಮುಗಿಯುವ ಹೊತ್ತಿಗೆ ಅನುಮಾನ ಜೋರಾಗುತ್ತದೆ. ಎಲ್ಲವೂ ಕಣ್ಣೆದುರಿಗೆ ಒಟ್ಟಿಗೆ ಬರುವುದು ಆಗಲೇ. ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುವುದಕ್ಕಿಂತ ಈ ಕೆಲಸಗಳನ್ನು ಮಾಡುವುದು ಹೆಚ್ಚು ಫಲ ಕೊಡುತ್ತದೆ.

"ಚೆನ್ನಾಗಿ ಬಂದಿಲ್ಲ" ಎಂಬುದನ್ನು ಅಳತೆಯ ಮಾತಿಗೆ ತಿರುಗಿಸಿ ಕಾಗದದ ಮೇಲೆ ಬರೆಯಿರಿ: "ಮೂರನೇ ಸಾಲು, ಐದನೇ ಮೂಲೆ, 1/8 ಇಂಚು ಜರುಗಿದೆ." ಹೀಗೆ ಬರೆದು ಮೂರು ಬಗೆಗಳಲ್ಲಿ ಯಾವುದು ಎಂದು ಗುರುತು ಹಾಕಿ. ಅಳೆಯಲಾಗದ ದೂರು ಇದ್ದರೆ ಅದು ಕೌದಿಯ ಮೇಲಿನದಲ್ಲ, ಆ ದಿನದ ಆಯಾಸದ್ದು. ಈ ಕೌದಿಯಲ್ಲಿ ಮೂಲೆಗಳು ಕೂಡುವ ಜಾಗ ಒಟ್ಟು 56. ಒಂದೊಂದನ್ನೂ ಎಣಿಸಿ. ಹತ್ತು ಜರುಗಿದ್ದರೆ ನಲವತ್ತಾರು ಕೂಡಿವೆ. ನಾವು ಹತ್ತನ್ನೇ ನೋಡುತ್ತ ಕೂತಿರುತ್ತೇವೆ.

ಒಮ್ಮೆ ಕೂತರೆ ಒಂದು ಗಂಟೆಗಿಂತ ಹೆಚ್ಚು ಬೇಡ. ದಣಿದಾಗ ಟೇಪು ಬಿಟ್ಟು ಸೂಜಿ ನೋಡಲು ಶುರುವಾಗುತ್ತದೆ, ಪಿನ್ನು ಬಿಟ್ಟುಹೋಗುತ್ತದೆ. ರಾತ್ರಿ ಕಂಡ ತಪ್ಪನ್ನು ರಾತ್ರಿಯೇ ಬಿಚ್ಚಬೇಡಿ, ಬೆಳಗಿನ ಬೆಳಕಿನಲ್ಲಿ ಇನ್ನೊಮ್ಮೆ ನೋಡಿ. ಏಳುವ ಮೊದಲು ಮುಂದಿನ ಎರಡು ತುಂಡನ್ನು ಪಿನ್ನು ಮಾಡಿಟ್ಟರೆ ಮರುದಿನ ಎಲ್ಲಿಂದ ಶುರು ಮಾಡಲಿ ಎಂಬ ಅಳುಕಿರುವುದಿಲ್ಲ.

ಬೇರೆಯವರ ಕೌದಿಯ ಫೋಟೋ ಪಕ್ಕದಲ್ಲಿಟ್ಟುಕೊಂಡು ಹೋಲಿಸಬೇಡಿ. ಅಂಗೈಯಗಲದ ಪರದೆಯಲ್ಲಿ 1/8 ಇಂಚು ಕಾಣುವುದೇ ಇಲ್ಲ, ಅಲ್ಲೂ ಅದು ಇರುತ್ತದೆ. ಗೆರೆ ನೆಟ್ಟಗಿರುವುದೊಂದೇ ಚೆಲುವು ಎಂದುಕೊಂಡವರು ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಜನಾಂಗದ ಹೆಣ್ಣುಮಕ್ಕಳ ಕೌದಿಗಳ ಚಿತ್ರ ನೋಡಬೇಕು. ಸವೆದ ಕೆಲಸದ ಬಟ್ಟೆ, ಬಾಗಿದ ಪಟ್ಟಿ, ಒಂದಕ್ಕೊಂದು ಅಳತೆ ಕೂಡದ ಚೌಕ. 2002ರಲ್ಲಿ ಅವು ಹ್ಯೂಸ್ಟನ್ನಿನ ಕಲಾ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡವು, 2006ರಲ್ಲಿ ಅಮೆರಿಕದ ಅಂಚೆ ಚೀಟಿಗಳ ಮೇಲೆ ಬಂದವು.

6. ಮೂರು ಪದರ ಕೂಡಿಸಿ

ಅಸ್ತರನ್ನು ಒಳಮೈ ಮೇಲಾಗಿ ನೆಲದ ಮೇಲೆ ಹಾಸಿ, ಅಂಚುಗಳನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ. ಸುಕ್ಕಿಲ್ಲದಷ್ಟು ಬಿಗಿ ಸಾಕು. ತಮಟೆಯಂತೆ ಬಿಗಿದರೆ ಟೇಪು ತೆಗೆದ ಕೂಡಲೇ ಅದು ಕುಗ್ಗಿ ಮೇಲ್ಪದರದಲ್ಲಿ ನೆರಿಗೆ ಬೀಳುತ್ತದೆ. ಅದರ ಮೇಲೆ ಬ್ಯಾಟಿಂಗ್, ಅದರ ಮೇಲೆ ಮೇಲ್ಪದರ. ಅಸ್ತರು, ಬ್ಯಾಟಿಂಗ್ ಎರಡೂ ಮೇಲ್ಪದರಕ್ಕಿಂತ ಸುತ್ತಲೂ ಸುಮಾರು ಮೂರು ಇಂಚು ಹೊರಗಿರಲಿ. ನಡುವಿನಿಂದ ಅಂಚಿನ ಕಡೆಗೆ ಅಂಗೈಯಲ್ಲಿ ಸವರುತ್ತ, ನಾಲ್ಕು ಇಂಚಿಗೊಂದು ಸೇಫ್ಟಿ ಪಿನ್ನು ಹಾಕಿ. ಮುಷ್ಟಿ ಎಲ್ಲಿ ಇಟ್ಟರೂ ಒಂದು ಪಿನ್ನು ತಾಗಬೇಕು. ಪಿನ್ನಿನ ಬದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿದರೂ ಆಗುತ್ತದೆ. ಇಲ್ಲಿ ಪಿನ್ನು ಉಳಿಸಲು ಹೋದರೆ ಅಸ್ತರಿನಲ್ಲಿ ಮಡಿಕೆ ಬಿದ್ದು, ಕೊನೆಗೆ ಬಿಚ್ಚುವ ಕೆಲಸ ಹೆಚ್ಚುತ್ತದೆ.

7. ಪದರಗಳನ್ನು ಹೊಲಿಯಿರಿ

ಎಷ್ಟು ಹತ್ತಿರ ಹೊಲಿಯಬೇಕು ಎಂಬುದು ಬ್ಯಾಟಿಂಗಿನ ಚೀಟಿಯ ಮೇಲೆ ಬರೆದಿರುತ್ತದೆ. ಚೀಟಿ ಇಲ್ಲದಿದ್ದರೆ ಮೂರು ಇಂಚಿಗಿಂತ ದೂರ ಬಿಡಬೇಡಿ. ದೂರವಾದರೆ ಒಗೆದಾಗ ಒಳಗಿನ ಹತ್ತಿ ಗಂಟು ಕಟ್ಟುತ್ತದೆ.

ಮಷೀನಿನಲ್ಲಾದರೆ ವಾಕಿಂಗ್ ಫುಟ್ ಹಾಕಿಕೊಳ್ಳಿ. ಇದು ಕೆಳಗಿನ ಹಲ್ಲುಗಳ ಜೊತೆಜೊತೆಗೆ ಮೇಲಿನ ಬಟ್ಟೆಯನ್ನೂ ಎಳೆಯುವ ಫುಟ್. ಹೊಲಿಗೆಯ ಉದ್ದ 3 ಮಿ.ಮೀ. ಮಾಡಿ. ಮೊದಲ ಗೆರೆ ಕೌದಿಯ ನಡುವೆ, ಆಮೇಲೆ ಅದರ ಎರಡೂ ಕಡೆಗೆ ಹೊರಮುಖವಾಗಿ. ಚೌಕಗಳು ಕೂಡಿದ ಗೆರೆಯ ಮೇಲೆಯೇ ಹೊಲಿಯುವುದು ಸುಲಭ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಅದು ಎಲ್ಲಕ್ಕಿಂತ ಕಷ್ಟದ್ದು. ಕೂದಲೆಳೆಯಷ್ಟು ಜಾರಿದರೂ ಪಕ್ಕದ ಬಣ್ಣದ ಮೇಲೆ ಎದ್ದು ಕಾಣುತ್ತದೆ. ಗೆರೆಯಿಂದ ಕಾಲು ಇಂಚು ದೂರದಲ್ಲಿ ಎರಡೂ ಬದಿಗೆ, ನಡುವೆ ಮೂರು ಇಂಚಿಗಿಂತ ಹೆಚ್ಚು ಖಾಲಿ ಉಳಿಯದಂತೆ ಚೌಕದ ನಡುವೆಯೂ ಒಂದು ಗೆರೆ ಹೊಲಿಯಿರಿ, ಅಥವಾ ಬೇಕೆಂದೇ ಅಲೆಯಂತೆ ಬಾಗುವ ಗೆರೆ ಹಾಕಿ. ಅಲೆಯ ಗೆರೆಯಲ್ಲಿ ಕೈ ನಡುಗಿದ್ದು ಯಾರಿಗೂ ತಿಳಿಯುವುದಿಲ್ಲ. ದಾರ ಬಟ್ಟೆಯ ಬಣ್ಣಕ್ಕೆ ಹೊಂದುವಂತಿರಲಿ. ಬಿಳಿ ಮೇಲೆ ಕಪ್ಪು ದಾರವನ್ನು ಮೂರನೇ ಕೌದಿಗೆ ಇಟ್ಟುಕೊಳ್ಳಿ.

ಅಸ್ತರಿನ ಬದಿಯಲ್ಲಿ ದಾರ ಉಂಗುರ ಉಂಗುರವಾಗಿ ಸಿಕ್ಕಿಕೊಂಡರೆ ಬಾಬಿನ್ (ಕೆಳಗಿನ ದಾರದ ಉರುಳೆ) ಕಡೆ ಹೋಗಬೇಡಿ. ಬಹುಪಾಲು ಕಾರಣ ಮೇಲಿನ ದಾರ. ಫುಟ್ ಎತ್ತಿ, ದಾರವನ್ನು ಪೂರ್ತಿ ತೆಗೆದು ಮತ್ತೆ ಪೋಣಿಸಿ. ಫುಟ್ ಇಳಿಸಿಕೊಂಡು ಪೋಣಿಸಿದರೆ ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಅದು ಕೂರುವುದೇ ಇಲ್ಲ.

ಕೈಯಲ್ಲಾದರೆ 18 ಇಂಚಿಗಿಂತ ಉದ್ದ ದಾರ ಬೇಡ, ತೊಡಕು ಬೀಳುತ್ತದೆ. ತುದಿಗೆ ಚಿಕ್ಕ ಗಂಟು ಹಾಕಿ, ಒಂದು ಇಂಚು ದೂರದಿಂದ ಸೂಜಿ ತೂರಿಸಿ ಮೆಲ್ಲಗೆ ಜಗ್ಗಿದರೆ ಗಂಟು ಒಳಗಿನ ಹತ್ತಿಯಲ್ಲಿ ಅಡಗಿಕೊಳ್ಳುತ್ತದೆ. ಮುಂದೆ ಸಾದಾ ಓಡು ಹೊಲಿಗೆ. ಇಂಚಿಗೆ ಐದಾರು ಕಾಣಿಸಿದರೆ ಮೊದಲ ಕೌದಿಗೆ ಧಾರಾಳವಾಯಿತು. ಚಿಕ್ಕದಾಗಿರಬೇಕು ಎಂದು ಹಟ ಹಿಡಿಯಬೇಡಿ, ಒಂದೇ ಸಮ ಇರಲಿ ಎಂದು ನೋಡಿ. ಕೆಳಗಿಟ್ಟ ಬೆರಳಿಗೆ ಸೂಜಿಮೊನೆ ತಾಗಿದರೆ ಅಸ್ತರು ಸಿಕ್ಕಿದೆ ಎಂದರ್ಥ. ನಾಲ್ಕೈದು ಸಾಲಿಗೊಮ್ಮೆ ತಿರುಗಿಸಿ ನೋಡಿ.

ಅಸ್ತರಿನಲ್ಲಿ ಮಡಿಕೆ ಬಿದ್ದರೆ? ಕಾಲು ಇಂಚಿಗಿಂತ ಕಡಿಮೆ ಇದ್ದು ಎರಡು ಕಡೆಯೂ ಹೊಲಿಗೆ ಹಿಡಿದಿದ್ದರೆ ಬಿಡಿ. ದೊಡ್ಡದಾದರೆ ಅದರ ಆಚೀಚೆ ಮೂರು ಇಂಚು ಬಿಚ್ಚಿ, ಸವರಿ, ಮತ್ತೆ ಹೊಲಿಯಿರಿ. ಹೊಲಿಗೆಯೇ ಬೇಡ ಅನಿಸಿದವರು ಪ್ರತಿ ಚೌಕದ ನಡುವೆ ಮತ್ತು ಪ್ರತಿ ಮೂಲೆಯಲ್ಲಿ ದಪ್ಪ ದಾರ ತೂರಿಸಿ ಗಂಟು ಹಾಕಬಹುದು. ಎಡದ ಎಳೆ ಬಲದ ಮೇಲೆ, ಆಮೇಲೆ ಬಲದ ಎಳೆ ಎಡದ ಮೇಲೆ. ಅದೂ ಪೂರ್ತಿ ಕೌದಿಯೇ.

8. ಅಂಚು ಕಟ್ಟಿ

ಹೊರಗುಳಿದ ಬ್ಯಾಟಿಂಗ್, ಅಸ್ತರನ್ನು ಮೇಲ್ಪದರದ ಅಂಚಿಗೆ ಸರಿಯಾಗಿ ಕತ್ತರಿಸಿ. ಎರಡೂವರೆ ಇಂಚು ಅಗಲದ ಐದು ಪಟ್ಟಿಯನ್ನು ಓರೆಯಾಗಿ ಜೋಡಿಸಿದರೆ ಸುತ್ತಿಗೆ ಬೇಕಾದ 165 ಇಂಚು ಸಿಕ್ಕಿ ಮಿಗುತ್ತದೆ. ಉದ್ದಕ್ಕೆ ಮಡಚಿ ಇಸ್ತ್ರಿ ಹಾಕಿ. ಒಂದು ಬದಿಯ ನಡುವಿನಿಂದ ಶುರು ಮಾಡಿ, ಮೂಲೆಯಿಂದ ಬೇಡ. ಕೊನೆಯಲ್ಲಿ ತುದಿ ಕೂಡಿಸಲು ಮೊದಲ ಆರು ಇಂಚು ಹೊಲಿಯದೆ ಬಿಡಿ. ಪಟ್ಟಿಯ ಹಸಿ (ಮಡಿಕೆಯಿಲ್ಲದ) ಅಂಚು ಕೌದಿಯ ಅಂಚಿಗೆ ಕೂಡುವಂತೆ ಮುಂಬದಿಯಲ್ಲಿಟ್ಟು ಕಾಲು ಇಂಚಿನಲ್ಲಿ ಹೊಲಿಯಿರಿ.

ಮೂಲೆ ಬರಲು ಕಾಲು ಇಂಚು ಇರುವಾಗ ನಿಲ್ಲಿಸಿ, ಒಂದೆರಡು ಹೊಲಿಗೆ ಹಿಂದಕ್ಕೆ ಹಾಕಿ ದಾರ ಕತ್ತರಿಸಿ. ಪಟ್ಟಿಯನ್ನು ನೇರ ಮೇಲಕ್ಕೆ ಮಡಚಿದರೆ ಮೂಲೆಯಲ್ಲಿ ಓರೆ ಮಡಿಕೆ ಬೀಳುತ್ತದೆ. ಅದನ್ನು ಬೆರಳಲ್ಲಿ ಹಿಡಿದುಕೊಂಡೇ ಪಟ್ಟಿಯನ್ನು ಕೆಳಗಿಳಿಸಿ, ಹೊಸ ಬದಿಯ ತುದಿಯಿಂದ ಹೊಲಿಯಿರಿ. ಸುತ್ತು ಮುಗಿದ ಮೇಲೆ ಪಟ್ಟಿಯನ್ನು ಹಿಂದಕ್ಕೆ ತಿರುಗಿಸಿ ಕೈಯಲ್ಲಿ ಹೊಲಿದು ಮುಗಿಸಿ. ಹೊಲಿಯುವಾಗ ಪಟ್ಟಿಯನ್ನು ಜಗ್ಗಬೇಡಿ, ಕೌದಿಯ ಅಂಚು ಬಟ್ಟಲಿನಂತೆ ಒಳಕ್ಕೆ ಬಾಗುತ್ತದೆ. ಹಿಂಬದಿಯ ಕೈಹೊಲಿಗೆ ಕಣ್ಣಿಗೆ ಕಂಡರೆ ಕಾಣಲಿ, ಪಟ್ಟಿ ಎಲ್ಲೂ ಬಾಯಿ ಬಿಟ್ಟಿರಬಾರದು ಅಷ್ಟೇ.

ಅಸ್ತರಿನ ಒಂದು ಮೂಲೆಗೆ ಚಿಕ್ಕ ಬಟ್ಟೆಯ ತುಂಡು ಹೊಲಿದು ನಿಮ್ಮ ಹೆಸರು, ಮುಗಿಸಿದ ತಿಂಗಳು, ವರ್ಷ ಬರೆಯಿರಿ. ಯಾರಿಗಾದರೂ ಕೊಡುವುದಾದರೆ ಬಿಡಿಸಿದ ಕೂಡಲೇ "ಇಲ್ಲಿ ನೋಡಿ, ಸೊಟ್ಟಗಾಗಿದೆ" ಎಂದು ಬೆರಳಿಟ್ಟು ತೋರಿಸಬೇಡಿ. ತೋರಿಸಿದರೆ ಅವರಿಗೂ ಇನ್ನು ಮುಂದೆ ಅದೇ ಕಾಣುತ್ತದೆ.

9. ಒಗೆದ ಮೇಲೆಯೇ ತೀರ್ಪು

ಮೊದಲ ಒಗೆತಕ್ಕೆ ಮುಂಚೆ ಕೌದಿ ಹೇಗೆ ಬಂದಿದೆ ಎಂದು ತೀರ್ಮಾನಿಸಬೇಡಿ. ಹತ್ತಿ ಬ್ಯಾಟಿಂಗ್ ಸಾಮಾನ್ಯವಾಗಿ ಶೇ. 3ರಿಂದ 5ರಷ್ಟು ಕುಗ್ಗುತ್ತದೆ. 36 ಇಂಚಿನಲ್ಲಿ ಒಂದರಿಂದ ಒಂದೂಮುಕ್ಕಾಲು ಇಂಚು. ಒಳಗಿನದು ಕುಗ್ಗಿದಾಗ ಹೊರಗಿನ ಬಟ್ಟೆ ಪ್ರತಿ ಹೊಲಿಗೆಯ ಸುತ್ತಲೂ ಸಣ್ಣಗೆ ನಿರಿಯುತ್ತದೆ. ಉದ್ದ-ಗಿಡ್ಡ ಬಿದ್ದ ಹೊಲಿಗೆ, ತುಸು ಬಾಗಿದ ಗೆರೆ, ಜರುಗಿದ ಮೂಲೆ ಎಲ್ಲವೂ ಆ ನಿರಿಗೆಗಳಲ್ಲಿ ಇಳಿದುಹೋಗುತ್ತವೆ. ಕೌದಿಗೆ ಮೆತ್ತನೆಯ ಮೈ ಬರುವುದೂ ಆಗಲೇ. ಮೊದಲೇ ಒಗೆದು ಕುಗ್ಗಿದ ಕಂಬಳಿ ಅಥವಾ ಪಾಲಿಯೆಸ್ಟರ್ ಬಳಸಿದ್ದರೆ ಇಷ್ಟು ನಿರಿಗೆ ಬರುವುದಿಲ್ಲ.

ತಣ್ಣೀರು, ಸೌಮ್ಯ ಸೋಪು. ಹಿಂಡಿ ತಿರುಚಬೇಡಿ, ಒದ್ದೆ ಕೌದಿಯ ಭಾರಕ್ಕೆ ಹೊಲಿಗೆ ಹರಿಯುತ್ತದೆ. ಒಣ ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ಹಗ್ಗಕ್ಕೆ ಒಂದೇ ತುದಿಯಿಂದ ನೇತುಹಾಕದೆ, ನೆರಳಿನಲ್ಲಿ ಚಪ್ಪಟೆಯಾಗಿ ಹರಡಿ, ಮೂಲೆಗಳನ್ನು ಕೈಯಲ್ಲಿ ನೇರ ಮಾಡಿ ಒಣಗಲು ಬಿಡಿ. ಒಣಗಿದ ಮೇಲೆ, ಮೇಲ್ಪದರ ಮುಗಿದಾಗ ಕಾಗದದ ಮೇಲೆ ಬರೆದಿಟ್ಟ ತಪ್ಪುಗಳ ಪಟ್ಟಿ ತೆಗೆದು ಆ ಮೂಲೆಗಳನ್ನು ಹುಡುಕಿ ನೋಡಿ. ಇನ್ನೂ ಕಣ್ಣಿಗೆ ಚುಚ್ಚುವುದು ಒಂದಿದ್ದರೆ ಅದನ್ನು ಮಾತ್ರ ಮುಂದಿನ ಕೌದಿಯ ಗುರಿಯಾಗಿ ಬರೆದುಕೊಳ್ಳಿ. ಉಳಿದ ಆರೇಳು ಚೌಕಗಳು ಆಗಲೇ ನಿಮ್ಮ ಬಳಿ ಇವೆ.